ಮೈಲ್ಸ್ ಹೋದವು, ಟಿಕೆಟ್ ಬರಲಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕೂತು ವಿಮಾನದ ಮೈಲ್ಸ್ ಬಗ್ಗೆ ಬರೆಯೋದು ಸ್ವಲ್ಪ ತಮಾಷೆಯೇ. ಮೈಲ್ಸ್ ಅಂದರೆ ದುಡ್ಡಿನ ಬದಲು ಕೊಟ್ಟು ಟಿಕೆಟ್ ತೆಗೆಯಬಹುದಾದ, ವಿಮಾನ ಕಂಪನಿಯ ಪಾಯಿಂಟ್‌ಗಳು. ದೊಡ್ಡ ವಿಮಾನ ಹತ್ತಬೇಕು ಅಂದರೆ ನಾವು ಮೊದಲು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು, ಇಲ್ಲವೇ ಕಾರು ಮಾಡಿಕೊಂಡು 300 ಕಿಲೋಮೀಟರ್ ಬೆಂಗಳೂರಿಗೆ ಓಡಬೇಕು. ರಾಯಚೂರಿನವರಿಗೆ ಹೈದರಾಬಾದು, ಕೊಪ್ಪಳದವರಿಗೆ ಹುಬ್ಬಳ್ಳಿ ಹತ್ತಿರ. ಆದರೂ ನಮ್ಮ ಓಣಿಯಲ್ಲೇ ಎಣಿಸಿದರೆ ಮಕ್ಕಳು ಹೊರದೇಶದಲ್ಲಿರುವ ಮನೆಗಳು ಹತ್ತು ಸಿಗುತ್ತವೆ. ಕ್ರೆಡಿಟ್ ಕಾರ್ಡಿನ ಪಾಯಿಂಟ್‌ಗಳನ್ನು ಮೈಲ್ಸ್ ಮಾಡಿ ಟಿಕೆಟ್ ತೆಗೆಯೋದನ್ನು ಅವರಿಗೆಲ್ಲ ಹೇಳಿಕೊಟ್ಟವನು ನಾನೇ. ಹಾಗಾಗಿ ಏನಾದರೂ ಎಡವಟ್ಟಾದರೆ ಫೋನು ಬರೋದೂ ನನಗೇ. ಸಂಜೆ ಒಗ್ಗರಣಿ ಮಿರ್ಚಿ ತಿನ್ನುವಾಗ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ, ಅದೇ ಪ್ರಶ್ನೆಗಳು. ಒಂದು ಸಲ ಬರೆದಿಟ್ಟರೆ ಬಾಯಿ ನೋವಾದರೂ ತಪ್ಪುತ್ತೆ ಅಂತ ಕೂತೆ.

"ಅಣ್ಣಾ, ಪಿಎನ್‌ಆರ್ ಬಂದಿದೆ. ಅಂದ್ರೆ ಟಿಕೆಟ್ ಆಯ್ತು ಅಲ್ವಾ?"

ಆಗಿಲ್ಲ. ಬೇರೆ ಏನು ಓದದಿದ್ದರೂ ಇದೊಂದನ್ನು ಓದಿ. ಪಿಎನ್‌ಆರ್ ಅಂದರೆ ಆರು ಅಕ್ಷರ-ಅಂಕಿಗಳ ಬುಕಿಂಗ್ ಗುರುತು, ಅಷ್ಟೇ. ಟಿಕೆಟ್ ಅಂದರೆ 13 ಅಂಕಿಯ ಬೇರೆ ನಂಬರು. ಪಿಎನ್‌ಆರ್ ನಿಶ್ಚಿತಾರ್ಥ ಇದ್ದ ಹಾಗೆ, ಟಿಕೆಟ್ ನಂಬರು ತಾಳಿ ಇದ್ದ ಹಾಗೆ. ನಿಶ್ಚಿತಾರ್ಥ ಮುರಿದ ಸಂಬಂಧಗಳನ್ನು ನಾವೆಲ್ಲ ನೋಡಿದ್ದೇವೆ.

ದುಡ್ಡು ಕೊಟ್ಟು ತೆಗೆದ ಟಿಕೆಟ್‌ನಲ್ಲಿ ಇವೆರಡೂ ಒಟ್ಟಿಗೇ ಬರುತ್ತವೆ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಮೈಲ್ಸ್ ಕೊಟ್ಟು ಬೇರೆ ಕಂಪನಿಯ ವಿಮಾನದಲ್ಲಿ ಸೀಟು ತೆಗೆದಾಗ ಎರಡು ಕಂಪನಿಗಳ ಕಂಪ್ಯೂಟರ್‌ಗಳು ಮಾತಾಡಿಕೊಳ್ಳಬೇಕು. ಒಂದು ಕೇಳುತ್ತೆ, ಇನ್ನೊಂದು ಹೂಂ ಅನ್ನಬೇಕು, ಆಮೇಲೆ ಮೊದಲನೆಯದು ಟಿಕೆಟ್ ಹೊರಡಿಸಬೇಕು. ನಡುವೆ ಎಲ್ಲೋ ಒಂದು ಕಡೆ ಕಡಿದರೆ ಮೈಲ್ಸ್ ಕಟ್ ಆಗಿರುತ್ತೆ, ಪಿಎನ್‌ಆರ್ ಇರುತ್ತೆ, ಟಿಕೆಟ್ ಮಾತ್ರ ಇರೋದಿಲ್ಲ. ಹಾಗೇ ಬಿಟ್ಟರೆ ಕೆಲವು ದಿನಕ್ಕೆ ವಿಮಾನ ಹಾರಿಸುವ ಕಂಪನಿ ಸೀಟನ್ನು ವಾಪಸ್ ಎಳೆದುಕೊಳ್ಳುತ್ತದೆ, ನಿಮಗೆ ಒಂದು ಮೆಸೇಜ್ ಕೂಡ ಬರದೆ ಹೋಗಬಹುದು.

ಬುಕ್ ಮಾಡಿದ ದಿನವೇ ಇಮೇಲ್ ತೆಗೆದು 13 ಅಂಕಿ ಹುಡುಕಿ. 24 ಗಂಟೆಯಲ್ಲಿ ಬರಲಿಲ್ಲ ಅಂದರೆ ಫೋನು ಹಚ್ಚಿ.

ಆ 13 ಅಂಕಿಯಿಂದ ಇನ್ನೇನು ಗೊತ್ತಾಗುತ್ತೆ?

ಮೊದಲ ಮೂರು ಅಂಕಿ ಬಹಳ ಮುಖ್ಯ. ಟಿಕೆಟ್ ಹೊರಡಿಸಿದವರು ಯಾರು ಅಂತ ಅದು ಹೇಳುತ್ತೆ. 098 ಅಂದರೆ ಏರ್ ಇಂಡಿಯಾ, 618 ಸಿಂಗಾಪುರ ಏರ್‌ಲೈನ್ಸ್, 220 ಲುಫ್ತಾನ್ಸಾ, 176 ಎಮಿರೇಟ್ಸ್, 016 ಯುನೈಟೆಡ್. ಸಿಂಗಾಪುರದ ಕ್ರಿಸ್‌ಫ್ಲೈಯರ್ ಮೈಲ್ಸ್ ಕೊಟ್ಟು ಲುಫ್ತಾನ್ಸಾ ವಿಮಾನದಲ್ಲಿ ಸೀಟು ತೆಗೆದರೆ ವಿಮಾನ ಜರ್ಮನಿಯವರದ್ದು, ಆದರೆ ಟಿಕೆಟ್ ಶುರುವಾಗೋದು 618ರಿಂದ.

ತಪ್ಪು ಸರಿಮಾಡಬೇಕಾದವರು ಈ ಮೂರಂಕಿಯ ಯಜಮಾನರು. ಏನೇ ಆದರೂ ಮೊದಲ ಫೋನು ಅವರಿಗೇ. ಹಾರಿಸುವ ಕಂಪನಿಗೆ ಫೋನ್ ಮಾಡಿದರೆ "ಟಿಕೆಟ್ ತೆಗೆದವರನ್ನೇ ಕೇಳಿ" ಅಂತಾರೆ. ಅವರು ಹಾಗನ್ನೋದರಲ್ಲಿ ಅರ್ಧ ನ್ಯಾಯವೂ ಇದೆ. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮಾತ್ರ ಇದು ಉಲ್ಟಾ ಆಗುತ್ತೆ. ಅವತ್ತು ವಿಮಾನ ರದ್ದಾದರೆ, ಹತ್ತಿಸಲು ಒಪ್ಪದಿದ್ದರೆ, ಹಾರಿಸುವ ಕಂಪನಿಯ ಕೌಂಟರ್‌ನಲ್ಲೇ ಪಟ್ಟು ಹಿಡಿಯಬೇಕು.

ವೆಬ್‌ಸೈಟಲ್ಲಿ ಸೀಟು ಕಾಣುತ್ತೆ, ಕ್ಲಿಕ್ ಮಾಡಿದ್ರೆ ಎರರ್ ಬರುತ್ತೆ. ನನ್ನ ಫೋನಿನ ತಪ್ಪಾ?

ಫೋನಿನದ್ದೂ ಅಲ್ಲ, ನಿಮ್ಮದೂ ಅಲ್ಲ. ಅದು ದೆವ್ವದ ಸೀಟು. ಪಾರ್ಟ್ನರ್ ಕಂಪನಿಯ, ಅಂದರೆ ವಿಮಾನ ಹಾರಿಸುವ ಜತೆಗಾರ ಕಂಪನಿಯ, ಹಳೆಯ ಮಾಹಿತಿಯನ್ನೇ ವೆಬ್‌ಸೈಟ್ ಇಟ್ಟುಕೊಂಡು ತೋರಿಸುತ್ತಿರುತ್ತೆ. ಸೀಟು ಯಾವಾಗಲೋ ಹೋಗಿರುತ್ತೆ.

ಇದನ್ನು ಹಿಡಿಯೋದು ಸುಲಭ. ಅದೇ ಕೂಟದ (ಒಬ್ಬರ ಮೈಲ್ಸ್ ಇನ್ನೊಬ್ಬರು ಒಪ್ಪುವ ವಿಮಾನ ಕಂಪನಿಗಳ ಗುಂಪು) ಇನ್ನೊಂದು ಕಂಪನಿಯ ವೆಬ್‌ಸೈಟಲ್ಲಿ ಅದೇ ದಿನ, ಅದೇ ವಿಮಾನ ಹುಡುಕಿ. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸ್ ಕೂಟದಲ್ಲಿದೆ, ಹಾಗಾಗಿ ಆ ಕೂಟದ ವಿಮಾನವನ್ನು ಎರಡು ಮೂರು ಕಡೆ ನೋಡಬಹುದು. ಎರಡು ಕಡೆ ಕಂಡರೆ ಸೀಟು ಇರುವ ಸಾಧ್ಯತೆ ಜಾಸ್ತಿ. ಒಂದೇ ಕಡೆ ಕಂಡರೆ ಅನುಮಾನ ಪಡಿ. ಕ್ಲಿಕ್ ಮಾಡುತ್ತಾ ಪೇಮೆಂಟ್ ಪುಟದವರೆಗೂ ಹೋಗಿ ನೋಡಿ, ಎಷ್ಟೋ ಸಲ ಅದು ಅಲ್ಲೇ ಬಿದ್ದುಹೋಗುತ್ತೆ.

ಇದೆಲ್ಲ ಯಾಕೆ ಅಂದರೆ, ಬ್ಯಾಂಕಿನ ಪಾಯಿಂಟ್‌ಗಳನ್ನು ಒಂದು ಸಲ ವಿಮಾನ ಕಂಪನಿಯ ಮೈಲ್ಸ್‌ಗೆ ಬದಲಾಯಿಸಿದರೆ ವಾಪಸ್ ಬರೋದಿಲ್ಲ. ದೆವ್ವದ ಸೀಟು ನಂಬಿ 80 ಸಾವಿರ ಪಾಯಿಂಟ್ ಆ ಕಡೆ ಕಳಿಸಿ, ಆಮೇಲೆ ತಲೆ ಮೇಲೆ ಕೈ ಹೊತ್ತು ಕೂತವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಬದಲಾವಣೆಗೆ ಕೆಲವು ಸಲ ಎರಡು ಮೂರು ದಿನವೂ ಹಿಡಿಯುತ್ತೆ, ಅಷ್ಟರಲ್ಲಿ ನಿಜವಾದ ಸೀಟೇ ಇದ್ದರೂ ಹೋಗಿರಬಹುದು. ಕೆಲವು ಕಂಪನಿಗಳು ಫೋನಿನಲ್ಲಿ ಕೇಳಿದರೆ ಸೀಟು ಒಂದೆರಡು ದಿನ ಹಿಡಿದಿಡುತ್ತವೆ. ಕೇಳೋದಕ್ಕೇನು ದುಡ್ಡಾ?

ಪೇಮೆಂಟ್ ನಡುವೆ ಕರೆಂಟ್ ಹೋಯ್ತು. ಮತ್ತೆ ಒತ್ತಲಾ?

ಒತ್ತಬೇಡಿ! ನಮ್ಮ ಓಣಿಯಲ್ಲಿ ಜೀನ್ಸ್ ಹೊಲಿಸುವವರೊಬ್ಬರು ಮೇ ತಿಂಗಳ ಮಧ್ಯಾಹ್ನ ಹೀಗೇ ಮೂರು ಸಲ ಒತ್ತಿ ಮೂರು ಸಲ ಮೈಲ್ಸ್ ಕಳಕೊಂಡರು. ಟಿಕೆಟ್ ಒಂದೂ ಇಲ್ಲ. ಎಲ್ಲ ವಾಪಸ್ ಬಂತು, ಆದರೆ ಹನ್ನೊಂದು ದಿನ ಆಯಿತು, ಅಷ್ಟರಲ್ಲಿ ಅವರಿಗೆ ಬೇಕಾಗಿದ್ದ ತಾರೀಖಿನ ಸೀಟೂ ಹೋಯಿತು.

ಮೊದಲು ಅಕೌಂಟಿಗೆ ಹೋಗಿ ಮೈಲ್ಸ್ ಎಷ್ಟಿದೆ ನೋಡಿ. ಆಮೇಲೆ "ನನ್ನ ಪ್ರಯಾಣಗಳು" ಅನ್ನೋ ಕಡೆ ನೋಡಿ. ಆಮೇಲೆ ಬ್ಯಾಂಕಿನ ಮೆಸೇಜ್ ನೋಡಿ, ಯಾಕಂದರೆ ಮೈಲ್ಸ್ ಟಿಕೆಟ್‌ಗೂ ಕಟ್ಟಬೇಕಾದ ತೆರಿಗೆ ದುಡ್ಡು ಕಾರ್ಡಿನಿಂದ ಬೇರೆಯಾಗಿ ಹೋಗುತ್ತೆ. ಈ ಮೂರರಲ್ಲಿ ಏನಾಗಿದೆ, ಏನಾಗಿಲ್ಲ ಅಂತ ಬರೆದುಕೊಂಡು ಸ್ಕ್ರೀನ್‌ಶಾಟ್ ತೆಗೆದು ಫೋನ್ ಮಾಡಿ. ಮೈಲ್ಸ್ ಮತ್ತು ದುಡ್ಡು ಬೇರೆ ಬೇರೆ ದಾರಿಯಲ್ಲಿ ವಾಪಸ್ ಬರುತ್ತವೆ ಅನ್ನೋದು ನೆನಪಿರಲಿ. ಮೈಲ್ಸ್ ಬಂತು ಅಂತ ಖುಷಿಯಲ್ಲಿ ತೆರಿಗೆ ದುಡ್ಡನ್ನೇ ಮರೆತವರು ಇದ್ದಾರೆ. ಕಂಪನಿ ದುಡ್ಡು ಕೊಡದಿದ್ದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ಆ ವ್ಯವಹಾರದ ಮೇಲೆ ತಕರಾರು ಹಾಕಬಹುದು.

ಟಿಕೆಟ್ ಬಂದಿತ್ತು, ಆಮೇಲೆ ಕಂಪನಿಯವರೇ ಟೈಮ್ ಬದಲಾಯಿಸಿದ್ರು. ಈಗ ಏನು ನೋಡಬೇಕು?

ಅತಿ ಹೆಚ್ಚು ಜನ ಸಿಕ್ಕಿಬೀಳೋದು ಇಲ್ಲೇ. ನಾನೂ ಬಿದ್ದಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮಗಳನ್ನು ನೋಡಲು ನಾವಿಬ್ಬರೂ ಫ್ರಾಂಕ್‌ಫರ್ಟಿಗೆ ಹೊರಟಿದ್ದೆವು. ಒಂದು ಕಂಪನಿಯ ಮೈಲ್ಸ್, ಇನ್ನೊಂದು ಕಂಪನಿಯ ವಿಮಾನ, ನಡುವೆ ದಿಲ್ಲಿಯಲ್ಲಿ ಬದಲಾವಣೆ. ಎರಡು ತಿಂಗಳ ಮೊದಲು ಒಂದು ಇಮೇಲ್ ಬಂತು, ನಿಮ್ಮ ಎರಡನೇ ವಿಮಾನ 40 ನಿಮಿಷ ಮುಂದಕ್ಕೆ ಹೋಗಿದೆ, ಒಪ್ಪಿಗೆಯೇ ಅಂತ. ಒಪ್ಪಿಗೆ ಒತ್ತಿದೆ. ವೆಬ್‌ಸೈಟಲ್ಲಿ ಹಸಿರು ಅಕ್ಷರದಲ್ಲಿ ಕನ್‌ಫರ್ಮ್ ಅಂತ ಬಂತು. ಬ್ಯಾಗ್ ಖರೀದಿ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಎಲ್ಲ ತಯಾರಿ ಶುರು. ಮೂರು ವಾರ ಇದ್ದಾಗ ಸುಮ್ನೆ ಕಿಟಕಿ ಸೀಟು ಸಿಗುತ್ತಾ ನೋಡೋಣ ಅಂತ ಹಾರಿಸುವ ಕಂಪನಿಯ ಸೈಟಿಗೆ ಹೋದರೆ ದಿಲ್ಲಿ–ಫ್ರಾಂಕ್‌ಫರ್ಟ್ ಅನ್ನೋದೇ ತೆರೆಯುತ್ತಿಲ್ಲ.

ಮೊದಲ ಫೋನಿನಲ್ಲಿ ಹುಡುಗ "ಎಲ್ಲ ಸರಿ ಇದೆ ಸರ್" ಅಂದ. ಎರಡನೇ ಫೋನಿನಲ್ಲಿ "ಹಾರಿಸುವ ಕಂಪನಿಗೆ ಹೇಳಿ" ಅಂದರು. ಮೂರನೇ ಸಲ ಸಿಕ್ಕ ಹೆಣ್ಣುಮಗಳು ಬುಕಿಂಗ್ ತೆಗೆದು ಅರ್ಧ ನಿಮಿಷ ಸುಮ್ಮನಿದ್ದಳು. ಆ ಮೌನದಲ್ಲೇ ನನಗೆ ಗೊತ್ತಾಯಿತು. ಹೊಸ ಟೈಮಿಗೆ ಬುಕಿಂಗ್ ಬದಲಾಗಿತ್ತು, ಟಿಕೆಟ್ ಮಾತ್ರ ಹಳೆಯ ಟೈಮಿನದ್ದೇ ಉಳಿದಿತ್ತು. ಎರಡಕ್ಕೂ ತಾಳೆ ಇಲ್ಲದ್ದರಿಂದ ಆ ಕಡೆಯ ಕಂಪನಿ ಸೀಟು ಬಿಟ್ಟುಬಿಟ್ಟಿತ್ತು. ಅವಳು ಅವರಿಗೆ ಮತ್ತೆ ಕೋರಿಕೆ ಕಳಿಸಿ, ಸೀಟು ವಾಪಸ್ ಪಡೆದು, ಟಿಕೆಟ್ ಹೊಸದಾಗಿ ಹೊರಡಿಸಿಕೊಟ್ಟಳು. ಒಟ್ಟು 20 ನಿಮಿಷದ ಕೆಲಸ. ಅದನ್ನೇ ಮೊದಲಿಬ್ಬರು ಯಾಕೆ ಮಾಡಲಿಲ್ಲ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಆದ್ದರಿಂದ ಟೈಮ್ ಬದಲಾದ ಇಮೇಲ್ ಬಂದರೆ ಒಪ್ಪಿಗೆ ಒತ್ತಿ ಸುಮ್ಮನಾಗಬೇಡಿ. ಫೋನ್ ಮಾಡಿ ಒಂದೇ ಮಾತು ಕೇಳಿ: "ಟಿಕೆಟ್ ಮತ್ತೆ ಹೊರಡಿಸಿದ್ದೀರಾ? ಎಲ್ಲಾ ವಿಮಾನಗಳೂ ಟಿಕೆಟ್ ಮೇಲೆ ಇವೆಯಾ?" ಬದಲಾದ ಟೈಮಿನಿಂದ ನಿಮ್ಮ ಎರಡನೇ ವಿಮಾನ ತಪ್ಪುವ ಹಾಗಿದ್ದರೆ, ದಂಡ ಕಟ್ಟದೆ ಬೇರೆ ದಿನಕ್ಕೆ ಹಾಕಿಕೊಡಿ ಅಂತ ಕೇಳುವ ಹಕ್ಕೂ ಇದೆ. ಬೇಕಾದ ವಿಮಾನವನ್ನು ನೀವೇ ಹುಡುಕಿ ನಂಬರು ಸಮೇತ ಹೇಳಿದರೆ ಕೆಲಸ ಬೇಗ ಆಗುತ್ತೆ.

ಅವರು ಏನೇನೋ ಎರಡಕ್ಷರದ ಕೋಡ್ ಹೇಳ್ತಾರೆ. ಏನದು?

ನಾಲ್ಕು ಗೊತ್ತಿದ್ದರೆ ಸಾಕು. ಎಚ್‌ಕೆ ಅಂದರೆ ಸೀಟು ಖಾತ್ರಿ. ಎಚ್‌ಎಲ್ ಅಂದರೆ ವೇಟಿಂಗ್ ಲಿಸ್ಟ್. ಟಿಕೆ ಅಂದರೆ ಟೈಮ್ ಬದಲಾಗಿದೆ, ಹೊಸ ಟೈಮಿಗೆ ಸೀಟು ಇದೆ, ಆದರೆ ಯಾರೋ ಅದನ್ನು ಒಪ್ಪಿ ಟಿಕೆಟ್ ಸರಿಮಾಡಬೇಕು. ಯುಎನ್ ಅಂದರೆ ಕೊಡಲು ಆಗುವುದಿಲ್ಲ, ಆ ವಿಮಾನವೇ ಇಲ್ಲ. "ಎಲ್ಲಾ ವಿಮಾನಗಳೂ ಎಚ್‌ಕೆ ಇದೆಯಾ ಮೇಡಂ?" ಅಂತ ಒಂದು ಸಲ ಕೇಳಿ ನೋಡಿ, ಆ ಕಡೆಯ ಧ್ವನಿಯೇ ಬದಲಾಗುತ್ತೆ. ಇವರಿಗೆ ಏನೋ ಗೊತ್ತಿದೆ ಅಂತ.

ಪಾರ್ಟ್ನರ್ ಕಂಪನಿಯ ಸೈಟಲ್ಲಿ ನನ್ನ ಪಿಎನ್‌ಆರ್ ಹಾಕಿದ್ರೆ ಸಿಗೋದೇ ಇಲ್ಲ!

ಗಾಬರಿ ಬೇಡ. ಒಂದೇ ಪ್ರಯಾಣಕ್ಕೆ ಎರಡು ಕಂಪನಿಗಳಲ್ಲಿ ಎರಡು ಪಿಎನ್‌ಆರ್ ಇರಬಹುದು. ಟಿಕೆಟ್ ಹೊರಡಿಸಿದವರಿಗೆ ಫೋನ್ ಮಾಡಿ "ಹಾರಿಸುವ ಕಂಪನಿಯ ಪಿಎನ್‌ಆರ್ ಕೊಡಿ" ಅನ್ನಿ. ಅದನ್ನು ಅವರ ಸೈಟಲ್ಲಿ ಹಾಕಿ ಹೆಸರು, ದಿನ, ಸೀಟು ಕಂಡರೆ ನಿದ್ದೆ ಮಾಡಬಹುದು. ನಾನಂತೂ ವಾರಕ್ಕೊಮ್ಮೆ ತೆಗೆದು ನೋಡುತ್ತೇನೆ. ಹೊರಡುವ ಹಿಂದಿನ ದಿನ, ರೈಲು ಹತ್ತುವ ಮೊದಲು, ಇನ್ನೊಂದು ಸಲ. ಬೆಂಗಳೂರಿನವರಾದರೆ ಕೌಂಟರ್‌ನಲ್ಲಿ ಇಲ್ಲ ಅಂದರೂ ಟ್ಯಾಕ್ಸಿ ಹಿಡಿದು ಮನೆಗೆ ಹೋಗಿ ಮಲಗಬಹುದು, ನಾವು ರೊಟ್ಟಿ ಗಂಟಿನ ಜತೆ ಎಲ್ಲಿಗೆ ಹೋಗೋಣ?

ಪಾಸ್‌ಪೋರ್ಟಲ್ಲಿ ಒಂದು ಹೆಸರು, ಮೈಲ್ಸ್ ಅಕೌಂಟಲ್ಲಿ ಒಂದು ಹೆಸರು. ತೊಂದರೆ ಆಗುತ್ತಾ?

ಆಗುತ್ತೆ. ನಮ್ಮ ಕಡೆ ಹೆಸರುಗಳೇ ಹಾಗೆ. ಕಾರ್ಡಿನಲ್ಲಿ ಕೆ. ಬಸವರಾಜ, ಆಧಾರ್‌ನಲ್ಲಿ ಬಸವರಾಜ ಕೆ., ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೂ ಸೇರಿ ಉದ್ದಕ್ಕೆ, ಇನ್ನು ಕೆಲವರಿಗೆ ಮನೆತನದ ಹೆಸರಿನ ಜಾಗ ಪೂರ್ತಿ ಖಾಲಿ. ಖಾಲಿ ಇದ್ದರೆ ಒಂದು ಕಂಪನಿ ಅದೇ ಹೆಸರನ್ನು ಎರಡು ಸಲ ಹಾಕುತ್ತೆ, ಇನ್ನೊಂದು ಇರುವ ಹೆಸರನ್ನು ಮನೆತನದ ಜಾಗಕ್ಕೆ ಸರಿಸಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಹಾಕುತ್ತೆ, ಅಂದರೆ ಮೊದಲ ಹೆಸರು ಗೊತ್ತಿಲ್ಲ ಅಂತ. ಎರಡು ಕಂಪನಿಗಳ ನಡುವೆ ಈ ಪದ್ಧತಿ ಬೇರೆ ಬೇರೆ ಆದರೆ ಬುಕಿಂಗ್ ಸಿಕ್ಕಿಹಾಕಿಕೊಳ್ಳುತ್ತೆ.

ಮೈಲ್ಸ್ ಅಕೌಂಟ್ ತೆರೆಯುವಾಗಲೇ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಹೆಸರು ಹಾಕಿ. ಈಗಾಗಲೇ ತಪ್ಪಾಗಿದ್ದರೆ ಟಿಕೆಟ್ ತೆಗೆಯುವ ಮೊದಲೇ ಅಕೌಂಟ್ ಸರಿಮಾಡಿಸಿ, ಆಮೇಲೆ ಮಾಡಿಸೋದು ಹತ್ತು ಪಟ್ಟು ಕಷ್ಟ. ಕಂಪನಿಯವರೇ ಅಕ್ಷರ ತಪ್ಪು ಹೊಡೆದಿದ್ದರೆ ಅದೇ ದಿನ ಹೇಳಿ, ಬಿಟ್ಟಷ್ಟೂ "ನೀವೇ ಹಾಗೆ ಕೊಟ್ಟಿದ್ದಿರಿ" ಅನ್ನೋ ಮಾತು ಬರುತ್ತೆ.

ದುಬೈ ಕಡೆ ಹೋಗುವವರು ಇನ್ನೂ ಜೋಪಾನ. 2022ರ ನವೆಂಬರ್‌ನಿಂದ ಅರಬ್ ಸಂಯುಕ್ತ ಸಂಸ್ಥಾನದವರು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇದ್ದವರಿಗೆ ಭೇಟಿ ವೀಸಾ ಬಿಗಿ ಮಾಡಿದ್ದಾರೆ. ಅದನ್ನು ಯಾವ ವಿಮಾನ ಕಂಪನಿಯ ಕಸ್ಟಮರ್ ಕೇರೂ ಸರಿಮಾಡಲಾರದು, ಪಾಸ್‌ಪೋರ್ಟನ್ನೇ ಸರಿಮಾಡಿಸಬೇಕು.

ತೋರಣಗಲ್ಲಿನಿಂದ ಸಣ್ಣ ವಿಮಾನ ಹಿಡಿದು ಬೆಂಗಳೂರಲ್ಲಿ ಮೈಲ್ಸ್ ಟಿಕೆಟ್‌ನ ವಿಮಾನ ಹತ್ತಬಹುದಾ?

ಹತ್ತಬಹುದು, ಆದರೆ ಅವು ಎರಡು ಬೇರೆ ಬೇರೆ ಟಿಕೆಟ್. ತೋರಣಗಲ್ಲಿನ ವಿಮಾನ ತಡವಾಗಿ ದೊಡ್ಡ ವಿಮಾನ ತಪ್ಪಿದರೆ ಯಾರೂ ಹೊಣೆ ಹೊರೋದಿಲ್ಲ. ಮೈಲ್ಸ್ ಟಿಕೆಟ್‌ನ ಮೊದಲ ವಿಮಾನಕ್ಕೆ ನೀವು ಬರಲಿಲ್ಲ ಅಂದರೆ ಅದೇ ಟಿಕೆಟ್‌ನ ಮುಂದಿನ ವಿಮಾನಗಳೂ, ವಾಪಸ್ ಬರೋದೂ ಸೇರಿ, ತಾನಾಗೇ ರದ್ದಾಗುತ್ತವೆ. ಒಂದು ದಿನ ಮೊದಲೇ ಹೋಗಿ ಯಾರಾದರೂ ನೆಂಟರ ಮನೆಯಲ್ಲಿ ಉಳಿಯಿರಿ.

ವಿಮಾನ ರದ್ದಾದ್ರೆ ಮೈಲ್ಸ್ ಟಿಕೆಟ್‌ಗೂ ಪರಿಹಾರ ಇದೆಯಾ? "ಫ್ರೀ ಟಿಕೆಟ್, ಏನೂ ಸಿಗಲ್ಲ" ಅಂದ್ರು.

ಫ್ರೀ ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ವರ್ಷಗಟ್ಟಲೆ ಕಾರ್ಡ್ ಉಜ್ಜಿ ಕೂಡಿಸಿದ್ದು, ಮೇಲೆ ತೆರಿಗೆ ಕಟ್ಟಿದ್ದು, ಫ್ರೀ ಹೇಗಾಗುತ್ತೆ?

ಯುರೋಪಿನ ವಿಷಯ ಸ್ಪಷ್ಟ ಇದೆ. ಐರೋಪ್ಯ ಒಕ್ಕೂಟದ 2004ರ 261ನೇ ನಿಯಮ ಮೈಲ್ಸ್ ಯೋಜನೆಯಲ್ಲಿ ತೆಗೆದ ಟಿಕೆಟ್‌ಗೂ ಅನ್ವಯಿಸುತ್ತೆ, ಅದರಲ್ಲೇ ಹಾಗಂತ ಬರೆದಿದೆ. ಯುರೋಪಿನಿಂದ ಹೊರಡುವ ವಿಮಾನ ಯಾವ ಕಂಪನಿಯದ್ದಾದರೂ ಸರಿ, ಯುರೋಪಿನ ಕಡೆ ಹೋಗುವಾಗ ಮಾತ್ರ ಅಲ್ಲಿನ ಕಂಪನಿಯದ್ದೇ ಆಗಿರಬೇಕು. ಕಂಪನಿಯ ತಪ್ಪಿನಿಂದ ವಿಮಾನ ರದ್ದಾದರೆ ದೂರ ನೋಡಿ 600 ಯೂರೋವರೆಗೆ ಪರಿಹಾರ ಇದೆ. ಫ್ರಾಂಕ್‌ಫರ್ಟ್‌ನಿಂದ ನಮ್ಮ ಕಡೆ ಬರುವ ದೂರಕ್ಕೆ ಆ ದೊಡ್ಡ ಮೊತ್ತವೇ ಲೆಕ್ಕ. ಅಮೆರಿಕದಲ್ಲೂ 2024ರ ನಿಯಮದ ಪ್ರಕಾರ ಕಂಪನಿಯೇ ವಿಮಾನ ರದ್ದು ಮಾಡಿ, ನೀವು ಬದಲಿ ವಿಮಾನ ಬೇಡ ಅಂದರೆ, ದುಡ್ಡನ್ನು ದುಡ್ಡಾಗಿ, ಮೈಲ್ಸನ್ನು ಮೈಲ್ಸ್ ಆಗಿ ವಾಪಸ್ ಕೊಡಬೇಕು.

ನಮ್ಮ ದೇಶದಲ್ಲಿ ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ, ನಿಯಮಗಳಿವೆ. ಅದರಲ್ಲಿ ಒಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ: ಬುಕ್ ಮಾಡುವಾಗ ಸರಿಯಾದ ಫೋನ್ ನಂಬರು, ವಿಳಾಸ ಕೊಡದಿದ್ದರೆ ಪರಿಹಾರ ಕೇಳುವ ಹಾಗಿಲ್ಲ. ಏಜೆಂಟರ ನಂಬರೋ, ಅಮೆರಿಕದ ಮಗನ ನಂಬರೋ ಹಾಕಿ ಬಿಡುತ್ತೀರಿ. ನಿಮ್ಮದನ್ನೂ ಸೇರಿಸಿ.

ರದ್ದು ಮಾಡಿದ್ರು, ಮೈಲ್ಸ್ ವಾಪಸ್ ಬಂತು. ಆದರೆ ಮರುದಿನವೇ ಎಕ್ಸ್‌ಪೈರ್ ಆಯ್ತು!

ಇದು ಆಗುತ್ತೆ. ಹಲವು ಕಂಪನಿಗಳಲ್ಲಿ ಮೈಲ್ಸ್ ಹಳೆಯ ತಾರೀಖಿನ ಜತೆಯೇ ವಾಪಸ್ ಬರುತ್ತೆ. ನೀವು ರದ್ದು ಮಾಡಿದ್ದಾದರೆ ಹೆಚ್ಚು ಮಾತಾಡಲಾಗದು. ಅವರು ರದ್ದು ಮಾಡಿದ್ದಾದರೆ ಗಡುವು ಮುಂದಕ್ಕೆ ಹಾಕಿ ಅಂತ ಬರವಣಿಗೆಯಲ್ಲಿ ಕೇಳಿ. ನಾನು ಕಂಡ ಹಾಗೆ ಮೊದಲ ಉತ್ತರ ಇಲ್ಲ ಅಂತ ಬರುತ್ತೆ, ಎರಡನೇ ಉತ್ತರ ಕೆಲವು ಸಲ ಬೇರೆ ಇರುತ್ತೆ.

ಮೈಲ್ಸ್ ಕೂಡಿಟ್ಟು ಕೂಡಿಟ್ಟು ಪೂಜೆ ಮಾಡಬೇಡಿ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ನಿಂತುಹೋದಾಗ ಎಷ್ಟು ಜನ ಪೆಚ್ಚಾದರು! ವಿಸ್ತಾರಾದ್ದು ಹಾಗಾಗಲಿಲ್ಲ, 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿತು, ಪಾಯಿಂಟ್‌ಗಳೂ ಆ ಕಡೆ ಹೋದವು.

ತಪ್ಪು ನಮ್ಮ ಲಾಭಕ್ಕೇ ಆಗಿದ್ರೆ? ಅರ್ಧ ಮೈಲ್ಸ್‌ಗೆ ಬಿಸಿನೆಸ್ ಕ್ಲಾಸ್ ಸಿಕ್ಕಿದೆ.

ಫೋನ್ ಮಾಡಿ "ಇದು ನಿಜವಾ" ಅಂತ ಕೇಳಬೇಡಿ. 13 ಅಂಕಿ ಬಂತಾ ನೋಡಿ, ಒಂದೆರಡು ವಾರ ಹೋಟೆಲ್ ಗೀಟೆಲ್‌ಗೆ ದುಡ್ಡು ಕಟ್ಟಬೇಡಿ. ಅವರು ರದ್ದು ಮಾಡಿದರೆ ಜಗಳಕ್ಕೆ ಹೋಗಬೇಡಿ.

ಕಸ್ಟಮರ್ ಕೇರ್ ಜತೆ ಹೇಗೆ ಮಾತಾಡಬೇಕು?

ಸಿಟ್ಟು ಮಾಡಬೇಡಿ. ಆ ಹುಡುಗ ಹುಡುಗಿಯರು ತಪ್ಪು ಮಾಡಿದವರಲ್ಲ, ಮನಸ್ಸು ಮಾಡಿದರೆ ದಾರಿ ಮಾಡಿಕೊಡಬಲ್ಲವರು ಅವರೊಬ್ಬರೇ. ಹೆಸರು ಕೇಳಿ ಬರೆದುಕೊಳ್ಳಿ, ದಿನ, ಸಮಯ ಬರೆದುಕೊಳ್ಳಿ, ದೂರಿನ ನಂಬರು ಕೇಳಿ. ಐದು ನಿಮಿಷದಲ್ಲಿ ಇವರಿಗೆ ವಿಷಯ ಗೊತ್ತಿಲ್ಲ ಅನಿಸಿದರೆ "ಥ್ಯಾಂಕ್ಸ್ ರೀ" ಅಂತ ಇಟ್ಟು ಮತ್ತೆ ಮಾಡಿ, ಬೇರೆಯವರು ಸಿಗುತ್ತಾರೆ. ಇದರಲ್ಲಿ ನಾಚಿಕೆ ಏನಿಲ್ಲ, ನಾನು ಒಂದೇ ರಾತ್ರಿ ಐದು ಸಲ ಮಾಡಿದ್ದೇನೆ. ಚಾಟ್ ಇದ್ದರೆ ಚಾಟ್‌ನಲ್ಲಿ ಕೇಳಿ, ಅವರು ಬರೆದಿದ್ದು ಆಮೇಲೆ ಸಾಕ್ಷಿ ಆಗುತ್ತೆ. ಒಂದು ಎಚ್ಚರ: ಗೂಗಲ್‌ನಲ್ಲಿ ಹುಡುಕಿ ಸಿಕ್ಕ ನಂಬರಿಗೆಲ್ಲ ಮಾಡಬೇಡಿ, ಅದರಲ್ಲಿ ಕಳ್ಳರದ್ದೂ ಇರುತ್ತೆ. ಕಂಪನಿಯ ಆ್ಯಪಿನಲ್ಲಿರುವ ನಂಬರೇ ಸರಿ. ಒಟಿಪಿ ಕೇಳಿದರೆ ಫೋನ್ ಇಡಿ.

ಏನು ಮಾಡಿದ್ರೂ ಕೇಳ್ತಿಲ್ಲ. ಕೋರ್ಟಿಗೆ ಬೆಂಗಳೂರು, ದಿಲ್ಲಿ ಅಲೆಯಬೇಕಾ?

ಬೇಡ. ಮೊದಲು ಕಂಪನಿಯ ದೂರು ಅಧಿಕಾರಿಗೆ ಇಮೇಲ್ ಮಾಡಿ. ಕಥೆ ಬೇಡ, ತಾರೀಖು, ಪಿಎನ್‌ಆರ್, ಟಿಕೆಟ್ ನಂಬರು, ಏನಾಯಿತು, ಏನು ಬೇಕು, ಇಷ್ಟೇ. ಆಮೇಲೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕಿ, 2016ರಿಂದ ಇದೆ. ಅಲ್ಲಿ ಹಾಕಿದ ಮೇಲೆ ಮಲಗಿದ್ದ ಕಂಪನಿಗಳು ಎದ್ದು ಕೂತಿದ್ದನ್ನು ಕಂಡಿದ್ದೇನೆ. 1915 ಗ್ರಾಹಕ ಸಹಾಯವಾಣಿಗೂ ಹೇಳಬಹುದು.

ಅದೂ ಆಗಲಿಲ್ಲವೇ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಮ್ಮಂಥವರಿಗೆ ಒಂದು ದೊಡ್ಡ ಉಪಕಾರ ಮಾಡಿದೆ. ನೀವು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಆಫೀಸು ಎಲ್ಲೇ ಇರಲಿ. ಬಳ್ಳಾರಿಯವರು ಬಳ್ಳಾರಿಯಲ್ಲಿ, ರಾಯಚೂರಿನವರು ರಾಯಚೂರಿನಲ್ಲಿ, ಕೊಪ್ಪಳದವರು ಕೊಪ್ಪಳದಲ್ಲಿ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಇರಲೇಬೇಕು ಅಂತಿಲ್ಲ. ಆಗ ಬೇಕಾಗೋದು ನೀವು ಮೊದಲ ದಿನ ತೆಗೆದ ಆ ಸ್ಕ್ರೀನ್‌ಶಾಟ್, ಹೆಸರು ಬರೆದಿಟ್ಟ ಆ ಚೀಟಿ.

ಫ್ರಾಂಕ್‌ಫರ್ಟಿಗೆ ಹೋಗಿ ಬಂದ್ರಾ ಕೊನೆಗೆ?

ಹೋಗಿ ಬಂದೆವು. ಕಿಟಕಿ ಸೀಟು ಮಾತ್ರ ಸಿಗಲಿಲ್ಲ.